ಫೇಲಾದದ್ದಕ್ಕೆ ಶೀರಾ ಹಂಚಿದವರು

ಆ ಮನುಷ್ಯ ಕೂತದ್ದನ್ನು ನಾನು ನೋಡಿದ್ದೇ ಅಪರೂಪ. ಲೋಕಲ್ ರೈಲಿನಲ್ಲಿ ಎದುರಿಗೆ ಸೀಟು ಖಾಲಿ ಬಿದ್ದಿದ್ದರೂ ಬಾಗಿಲ ಕಂಬ ಹಿಡಿದು ನಿಲ್ಲುತ್ತಿದ್ದರು. ಚಹಾ ನಿಂತೇ, ಊಟವೂ ನಿಂತೇ. ಒಮ್ಮೆ ಗಣಪತಿ ಹಬ್ಬಕ್ಕೆ ಮುಂಬಯಿಯ ವಿಕ್ರೋಳಿಯ ನಮ್ಮ ಚಾಳಿಗೆ ಕರೆದಿದ್ದೆ. ನನ್ನ ಹೆಂಡತಿ ತಾಟು ಹಾಕಿ, "ಕೂಡ್ರೀ ಅಣ್ಣಾರ, ಹೋಳಿಗಿ ಆರ್ತಾವ" ಎಂದಳು. ಇವರು ಕೂರಲು ಹೋದವರು ಅರ್ಧಕ್ಕೇ ಎದ್ದು, "ನೀವು ಕೂತ್ಕೊಳ್ಳಿ ಅಮ್ಮ, ನಾನು ಬಡಿಸ್ತೇನೆ" ಎಂದು ಅವಳ ಕೈಯಿಂದ ತಟ್ಟೆ ಕಿತ್ತುಕೊಂಡರು. ಇದ್ದ ಒಂದು ಕೋಣೆಯಲ್ಲಿ ಹದಿನೈದು ಜನಕ್ಕೆ ಯಾರ ಮೊಣಕಾಲೂ ತುಳಿಯದೆ ಬಡಿಸಿ ಮುಗಿಸಿದರು. ಪಕ್ಕದ ಕೋಣೆಯ ಮರಾಠಿ ಬಾಯಿ ಮರುದಿನ ನನ್ನ ಹೆಂಡತಿಯನ್ನು ಮೆಲ್ಲಗೆ ಕೇಳಿದಳಂತೆ: ಆ ಕೇಟರಿಂಗಿನವನನ್ನು ಎಲ್ಲಿಂದ ಹಿಡಿದಿರಿ, ಮಗಳ ಸಾಖರಪುಡಾಕ್ಕೆ, ಅಂದರೆ ನಿಶ್ಚಿತಾರ್ಥಕ್ಕೆ, ನಮಗೂ ಬೇಕು ಎಂದು.

ಅವರು ತೀರಿಕೊಂಡದ್ದು ಈ ಮಳೆಗಾಲದಲ್ಲಿ. ಹೆಸರು ಬರೆಯುವುದಿಲ್ಲ. ಹೋಟೆಲಿನಲ್ಲಿ ಎಲ್ಲರಿಗೂ ಅವರು "ಅಣ್ಣ", ನನಗೆ "ಅಣ್ಣಾರ". ಕುಂದಾಪುರದ ಕಡೆಯವರು. ಈ ಉಪನಗರದ ಒಂದು ಉಡುಪಿ ಹೋಟೆಲಿನಲ್ಲಿ ಹುಡುಗನಾಗಿದ್ದಾಗಿನಿಂದ ಸಪ್ಲೈಯರ್. ಟೇಬಲ್ಲು ಒರೆಸುವುದರಿಂದ ಶುರು ಮಾಡಿ, ನೀರು ಇಡುವವನಾಗಿ, ಆಮೇಲೆ ತಿಂಡಿ ತರುವವನಾಗಿ, ಅಲ್ಲೇ ಕೂದಲು ಹಣ್ಣು ಮಾಡಿಕೊಂಡವರು. ಮದುವೆ ಆಗಲಿಲ್ಲ. ಯಾಕೆ ಎಂದರೆ, "ಹೆಣ್ಣು ನೋಡ್ಲಿಕ್ಕೆ ಹೋದ್ರೆ ಕೂರ್ಬೇಕಲ್ಲ ಮಾರಾಯ್ರೆ" ಎನ್ನುತ್ತಿದ್ದರು.

ಈ ಮನುಷ್ಯ ಐವತ್ತಾರನೆಯ ವಯಸ್ಸಿನಲ್ಲಿ ಐಸಿನ ಮೇಲೆ ಫಿಗರ್ ಸ್ಕೇಟಿಂಗ್ ಕಲಿಯಲು ಬಂದರು. ಬಂದದ್ದು ನನ್ನ ಐಸಿಗೆ.

ನನ್ನ ಐಸು ಎಂದು ಸುಮ್ಮನೆ ಹೇಳುತ್ತಿಲ್ಲ. ನಾನು ಗದಗಿನ ಕಡೆಯವನು, ಆರನೇ ಇಯತ್ತೆಗೆ ಶಾಲೆ ಬಿಟ್ಟವನು. ಬಿಟ್ಟವನು, ಫೇಲಾದವನಲ್ಲ. ಈ ಮಾತನ್ನು ಎಲ್ಲಿ ಹೋದರೂ ಎದೆ ಎತ್ತಿ ಹೇಳಿಕೊಂಡು ಬಂದವನು. ಕಾಕಾನ ಜೊತೆ ಮುಂಬಯಿಗೆ ಬಂದು, ಇಟ್ಟಿಗೆ ಹೊತ್ತು, ಆಮೇಲೆ ಬಂದರಿನ ಐಸ್ ಫ್ಯಾಕ್ಟರಿ ಸೇರಿದೆ. ಮೀನಿಗೆ ಐಸು ಮಾಡುತ್ತಿದ್ದವನು, ಇಲ್ಲಿಯ ಶಾಪಿಂಗ್ ಮಾಲಿನವರು ಸ್ಕೇಟಿಂಗ್ ಅಂಕಣ ಕಟ್ಟಿದಾಗ ಮನುಷ್ಯರಿಗೆ ಐಸು ಮಾಡತೊಡಗಿದೆ. ನೆಲದಡಿಯ ಪೈಪುಗಳಲ್ಲಿ ತಂಪು ಓಡಿಸುವ ಯಂತ್ರ ನನ್ನ ಕೈಯಲ್ಲಿದೆ. ಸ್ಕೇಟಿನ ಗೀರು ಬಿದ್ದ ಐಸನ್ನು ಕೆರೆದು, ಮೇಲೆ ಬಿಸಿನೀರು ಹಾಯಿಸಿ, ಕನ್ನಡಿಯಂತೆ ಮಾಡಿ ಕೊಡುವುದು ನನ್ನ ಕೆಲಸ. ಅದರ ಮೇಲೆ ಯಾರು ಬಿದ್ದರೂ ನನಗೆ ತಳಮಳ. ಬಿದ್ದದ್ದು ಅವರ ಕಾಲಿನಿಂದಲೋ ನನ್ನ ಕೈಯಿಂದಲೋ ಎಂದು ಹೋಗಿ ನೋಡಿ ಬರುವವರೆಗೆ ಸಮಾಧಾನವಿಲ್ಲ.

ಮೊದಮೊದಲು ಅವರು ಕಟಕಟೆಯ ಆಚೆ ನಿಂತು ನೋಡುತ್ತಿದ್ದರು. ಮಧ್ಯಾಹ್ನ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ತನಕ ಹೋಟೆಲಿನವರಿಗೆ ರೆಸ್ಟು. ಉಳಿದವರು ಮಾಳಿಗೆಯಲ್ಲಿ ಟವೆಲು ಹಾಸಿ ಮಲಗುವ ಹೊತ್ತಿನಲ್ಲಿ ಇವರು ಬಿಳಿ ಅಂಗಿಯಲ್ಲೇ ಮಾಲಿಗೆ ಬರುತ್ತಿದ್ದರು. ಏಸಿ ಗಾಳಿಗೆ ಬರುವವರು ಬಹಳ, ಇವರೂ ಹಾಗೇ ಅಂದುಕೊಂಡಿದ್ದೆ. ಮಾತಾಡಿಸಿದಾಗ ಇಬ್ಬರದೂ ಕನ್ನಡ ಎಂದು ಗೊತ್ತಾಯಿತು.

"ಅಣ್ಣಾರ, ಬರೇ ನೋಡಾಕ ಬರ್ತೀರೇನು?" ಎಂದೆ.

"ನೋಡುದಲ್ಲ, ಇವ್ರೆಲ್ಲ ಎಲ್ಲಿಗೆ ಹೋಗುದು ಅಂತ ಯೋಚಿಸ್ತಾ ಇದ್ದೆ. ಸುತ್ತಿ ಸುತ್ತಿ ಅಲ್ಲಿಗೇ ಬರ್ತಾರಲ್ಲ. ನಾನೂ ಜೀವನ ಇಡೀ ಅದನ್ನೇ ಮಾಡಿದ್ದು. ಕಿಚನ್ನಿನಿಂದ ಟೇಬಲ್ಲು, ಟೇಬಲ್ಲಿನಿಂದ ಕಿಚನ್ನು. ಆದ್ರೆ ಇಲ್ಲಿ ಯಾರೂ ಕಾಯ್ತಾ ಇಲ್ಲ ನೋಡಿ."

ಮುಂದಿನ ವಾರ ಬಾಡಿಗೆಯ ಸ್ಕೇಟು ಕಟ್ಟಿಕೊಂಡು ಇಳಿದೇ ಬಿಟ್ಟರು. ನಾನು ಬಾಗಿಲಲ್ಲೇ ನಿಂತಿದ್ದೆ, ಎತ್ತಲು. ಅವರು ಬೀಳಲಿಲ್ಲ. ಸಾಂಬಾರು, ಸಾಬೂನು, ತೊಳೆದ ನೀರು ಎಲ್ಲ ಹರಿಯುವ ಅಡಿಗೆಮನೆಯ ನೆಲದ ಮೇಲೆ ಹವಾಯಿ ಚಪ್ಪಲಿಯಲ್ಲಿ ಓಡಾಡಿದ ಕಾಲು ಅವು. ಎತ್ತಿ ಇಡುವುದೇ ಇಲ್ಲ, ಜಾರಿಸಿ ಜಾರಿಸಿ ನಡೆಯುತ್ತವೆ. ಎದುರಿಗೆ ಯಾರಾದರೂ ಬಂದರೆ ಬಾಯಿಂದ ತಾನಾಗಿ "ಬಿಸಿ ಬಿಸಿ! ಸೈಡ್!" ಎಂದು ಬರುತ್ತಿತ್ತು. ಕಾಲೇಜು ಹುಡುಗಿಯರು ಹೆದರಿ ಗೋಡೆಗೆ ಅಂಟುತ್ತಿದ್ದರು.

ಕಲಿಸುವವಳು ಪ್ರಾಜಕ್ತಾ ಎಂಬ ಮರಾಠಿ ಹುಡುಗಿ. ಅವಳ ಉಳಿದ ಶಿಷ್ಯರೆಲ್ಲ ಆರೆಂಟು ವರ್ಷದ ಮಕ್ಕಳು, ಹೊರಗೆ ಕೂತ ತಾಯಂದಿರು. ಆ ಸಾಲಿನ ಕೊನೆಯಲ್ಲಿ ಇವರು. ಮೊದಲ ವಾರ ಅವಳಿಗೆ ನಗು, ಎರಡನೇ ವಾರ ತಲೆನೋವು. ತಲೆನೋವಿಗೆ ಕಾರಣ ಎಡಗೈ. ಫಿಗರ್ ಸ್ಕೇಟಿಂಗಿನಲ್ಲಿ ಎರಡೂ ತೋಳು ಹಕ್ಕಿಯ ರೆಕ್ಕೆಯಂತೆ ಚಾಚಿರಬೇಕು. ಇವರ ಬಲಗೈ ಚಾಚುತ್ತಿತ್ತು. ಎಡಗೈ ಮೊಣಕೈಯಲ್ಲಿ ಮಡಿಸಿಕೊಂಡು ಎದೆಯ ಹತ್ತಿರ ನಿಂತುಬಿಡುತ್ತಿತ್ತು. ಇಷ್ಟು ವರ್ಷ ಅಂಗೈಯಿಂದ ಭುಜದವರೆಗೆ ಪ್ಲೇಟು ಪೇರಿಸಿಕೊಂಡು ಓಡಾಡಿದ ಕೈ ಅದು.

"ಕಾಕಾ, ಹಾಥ್ ಖೋಲೋ! ಪ್ಲೇಟ್ ನಹೀ ಹೈ ಹಾಥ್ ಮೇ!" ಎಂದು ಅವಳು ಕೂಗುವುದು.

"ನನಗೆ ಗೊತ್ತುಂಟು ಮೇಡಂ, ಕೈಗೆ ಗೊತ್ತಿಲ್ಲ," ಎಂದು ಇವರು ಹಿಂದಿಯಲ್ಲಿ ಹೇಳುವುದು.

ಆದರೆ ಒಂದು ವಿದ್ಯೆಯಲ್ಲಿ ಆ ಮಕ್ಕಳಾರೂ ಅವರ ಹತ್ತಿರ ಬರುತ್ತಿರಲಿಲ್ಲ. ಮುಂದಕ್ಕೆ ಹೋಗುತ್ತಿರುವಾಗಲೇ ಒಂದೇ ಕಾಲಿನ ಮೇಲೆ ತಿರುಗಿ, ವೇಗ ಕಳೆಯದೆ ಹಿಮ್ಮುಖವಾಗಿ ಸಾಗುವುದು. ಮಕ್ಕಳು ಇದಕ್ಕೆ ತಿಂಗಳುಗಟ್ಟಲೆ ಬಿದ್ದು ಅಳುತ್ತವೆ. ಇವರು ಮೊದಲ ದಿನವೇ ತಿರುಗಿದರು. ಪ್ರಾಜಕ್ತಾ ಸೀಟಿ ಬಾಯಲ್ಲಿಟ್ಟುಕೊಂಡೇ ನಿಂತಳು. ನಾನು ಮರುದಿನ ಹೋಟೆಲಿಗೆ ಚಹಾಕ್ಕೆ ಹೋದಾಗ ಗುಟ್ಟು ತಿಳಿಯಿತು. ಗಿರಾಕಿಗಳು ಕೂರುವ ಹಾಲಿಗೂ ಅಡಿಗೆಮನೆಗೂ ನಡುವೆ ಎರಡೂ ಕಡೆ ತೂಗುವ ಬಾಗಿಲಿದೆ. ಕೈ ತುಂಬ ಎಂಜಲು ಪ್ಲೇಟು ಇರುವಾಗ ಅದನ್ನು ತಳ್ಳಲು ಕೈ ಎಲ್ಲಿ? ಬಾಗಿಲಿಗೆ ಒಂದು ಹೆಜ್ಜೆ ಇರುವಾಗ ಅಣ್ಣಾರು ಒಂದು ಕಾಲ ಮೇಲೆ ಗರಕ್ಕನೆ ತಿರುಗಿ, ಬೆನ್ನಿನಿಂದ ಬಾಗಿಲು ತಳ್ಳಿ, ಹಿಂದುಹಿಂದಾಗಿ ಒಳಗೆ ಮಾಯವಾದರು. ಲೋಟದ ನೀರು ಅಲುಗಲಿಲ್ಲ. ದಿನಕ್ಕೆ ಎಷ್ಟು ಸಲವೋ, ಎಷ್ಟು ವರ್ಷವೋ. ನಾನು ಚಹಾ ಆರುವವರೆಗೂ ಅದನ್ನೇ ನೋಡುತ್ತ ಕೂತೆ.

ಹೋಟೆಲಿನ ಮಾಲೀಕರಿಗೆ ಈ ಸುದ್ದಿ ಹಿಡಿಸಲಿಲ್ಲ. ಗಲ್ಲಾದಲ್ಲಿ ಕೂತೇ, ಗಿರಾಕಿಗಳ ಎದುರಿಗೇ ಹೇಳಿದರು:

"ಅಣ್ಣ, ಕೈಕಾಲು ಮುರ್ಕೊಂಡು ಬಂದ್ರೆ ಇಲ್ಲಿ ಕೂರಿಸಿ ಸಂಬಳ ಕೊಡ್ಲಿಕ್ಕೆ ಆಗುದಿಲ್ಲ. ಮೊದ್ಲೇ ಹೇಳಿದ್ದೇನೆ."

"ಕೂರ್ಲಿಕ್ಕೆ ಯಾರು ಬರ್ತಾರೆ?" ಎಂದು ಇವರು ಎರಡು ಇಡ್ಲಿ-ವಡೆ ಹಿಡಿದು ಮುಂದಕ್ಕೆ ಹೋದರು.

ಬಿದ್ದದ್ದೂ ಉಂಟು. ಮಂಡಿ ಊದಿಸಿಕೊಂಡು, ಗಲ್ಲ ಸೀಳಿಸಿಕೊಂಡು ಹೋಟೆಲಿನಲ್ಲಿ "ಮೆಟ್ಟಲು ಜಾರಿತು" ಎಂದು ಹೇಳುತ್ತಿದ್ದರು. ನಾನು ಬಯ್ಯುತ್ತಿದ್ದೆ. "ಈ ವಯಸ್ಸಿನ್ಯಾಗ ನಿಮಗಿದು ಯಾಕ ಬೇಕಾಗೇತ್ರೀ? ವಾಕಿಂಗ್ ಹೋಗ್ರಿ, ಭಜನಿಗೆ ಹೋಗ್ರಿ." ಅವರು ನನ್ನನ್ನೇ ಕೆಣಕುತ್ತಿದ್ದರು. "ಐಸಿನ ಸಾವ್ಕಾರ್ರೆ, ನಿಮ್ಮ ಐಸು ಗಟ್ಟಿ ಉಂಟು, ಅದನ್ನು ಸ್ವಲ್ಪ ಮೆತ್ತಗೆ ಮಾಡಿ. ನನ್ನ ಎಲುಬಿಗೆ ಬುದ್ಧಿ ಹೇಳ್ಬೇಡಿ."

ಪರೀಕ್ಷೆಯ ಮಾತು ಬಂದದ್ದು ಒಂದು ವರ್ಷ ಕಳೆದ ಮೇಲೆ. ಹೊರಗಿನಿಂದ ಒಬ್ಬ ಪರೀಕ್ಷಕಿ ಬರುತ್ತಾರೆ, ಮೊದಲ ಹಂತದ ಪರೀಕ್ಷೆ ಇದೆ, ಮಕ್ಕಳನ್ನು ಕೂರಿಸುತ್ತೇನೆ ಎಂದು ಪ್ರಾಜಕ್ತಾ ತಾಯಂದಿರಿಗೆ ಹೇಳುತ್ತಿದ್ದಳು. ಇವರು ಹಿಂದಿನಿಂದ ಕೈ ಎತ್ತಿದರು, ಶಾಲೆಯ ಹುಡುಗನ ಹಾಗೆ.

"ಮೇಡಂ, ನಾನೂ ಕೂತ್ಕೊಳ್ಳಬಹುದಾ?"

ಕೂರುವುದೇ ಗೊತ್ತಿಲ್ಲದ ಮನುಷ್ಯ ಕೂತ್ಕೊಳ್ಳಬಹುದಾ ಎಂದು ಕೇಳಿದ್ದನ್ನು ನಾನು ಅಂದು ಮಾತ್ರ ಕೇಳಿದೆ.

ಆ ಸಂಜೆ ಮಾಲಿನ ಹಿಂದಿನ ಬಾಗಿಲಲ್ಲಿ ನಿಂತು ಅವರು ತಮ್ಮ ಕತೆ ಹೇಳಿದರು. ಊರಿನಲ್ಲಿ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಹತ್ತಿರ ಬಂದಿತ್ತು. ಹೋಟೆಲಿಗೆ ಹುಡುಗ ಬೇಕೆಂದು ಬೊಂಬಾಯಿಯಿಂದ ಸಂಬಂಧಿಕರೊಬ್ಬರು ಬಂದರು. ಮನೆಯಿಂದ ಒಬ್ಬನನ್ನು ಕಳಿಸಬೇಕು; ಇವರ ಅಣ್ಣ ಓದಿನಲ್ಲಿ ಮುಂದೆ, ಹಾಗಾಗಿ ತಮ್ಮನಾದ ಇವರು ಬಸ್ಸು ಹತ್ತಿದರು. ಇಲ್ಲಿಗೆ ಬಂದು ಹೋಟೆಲು ಹುಡುಗರ ಕನ್ನಡ ರಾತ್ರಿ ಶಾಲೆಗೆ ಸೇರಿದರು. ಪರೀಕ್ಷೆಯ ವಾರದಲ್ಲೇ ಡ್ಯೂಟಿ ಬದಲಾಯಿತು. ಅದೂ ಹೋಯಿತು.

"ಒಂದು ಸಲ ಪಾಸಾಗ್ಬೇಕು ಮಾರಾಯ್ರೆ. ಯಾವುದ್ರಲ್ಲಾದ್ರೂ ಆಗ್ಲಿ. ಯಾರಾದ್ರೂ ನೋಡಿ, ಸರಿ ಉಂಟು ಅಂತ ಬರೆದು ಕೊಡ್ಬೇಕು. ಟಿಪ್ಸ್ ಕೊಡುದು ಬೇರೆ. ಅದು ಅವ್ರ ಹೊಟ್ಟೆ ತುಂಬಿದ ಖುಷಿಗೆ."

ನನಗೆ ಸಿಟ್ಟು ಬಂತು. "ನಮಗ ಯಾರ ಸರ್ಟಿಫಿಕೇಟೂ ಬ್ಯಾಡ್ರೀ ಅಣ್ಣಾರ. ನಾ ಶಾಲಿ ಬಿಟ್ಟಂವ. ಇವತ್ತಿನ ತನಕ ಯಾರ ಮುಂದೂ ತಲಿ ಬಗ್ಗಿಸಿಲ್ಲ."

"ನೀವು ಬಿಟ್ಟದ್ದು. ನನ್ನನ್ನು ಬಿಡಿಸಿದ್ದು," ಎಂದರು. ಆಮೇಲೆ ಆ ವಿಷಯ ಎತ್ತಲಿಲ್ಲ. ಹೋಟೆಲಿನ ಕಡೆ ಲಗುಲಗು ನಡೆದುಬಿಟ್ಟರು.

ಪರೀಕ್ಷೆಯಲ್ಲಿ ಮುಂದಕ್ಕೆ, ಹಿಂದಕ್ಕೆ, ಆ ತಿರುವು, ಒಂದು ಸಣ್ಣ ಜಿಗಿತ, ಕೊನೆಗೆ ನಿಂತಲ್ಲೇ ಬುಗುರಿಯ ಹಾಗೆ ಗಿರಕಿ. ಒಂದು ಹಾಡಿನ ಉದ್ದಕ್ಕೆ ಇಷ್ಟನ್ನೂ ತಡೆಯಿಲ್ಲದೆ ಮಾಡಿ ತೋರಿಸಬೇಕು. ಬಿದ್ದರೆ ಎದ್ದು ಮುಂದುವರಿಯಬಹುದು. ಆಟವನ್ನು ಬಿಟ್ಟು ನಿಂತರೆ ಮಾತ್ರ ಫೇಲ್. ಅವರಿಗೆ ಜಿಗಿತದ್ದೇ ಭಯ. ನನಗೆ, ಬಿದ್ದರೆ ಮುರಿಯಬಹುದಾದ ಅವರ ಮಣಿಕಟ್ಟಿನದ್ದು. ಆ ದಿನ ಬೆಳಿಗ್ಗೆ ಐಸನ್ನು ಎರಡು ಸಲ ಮಾಡಿದೆ. ಮೊದಲನೆಯದು ಚೆನ್ನಾಗಿಯೇ ಇತ್ತು. ಆದರೂ ಕೆರೆದು ಮತ್ತೆ ಮಾಡಿದೆ.

ಮಕ್ಕಳದ್ದೆಲ್ಲ ಮುಗಿದು ಇವರ ಸರದಿ ಬಂತು. ಹೋಟೆಲಿನ ಕಪ್ಪು ಪ್ಯಾಂಟು, ಇಸ್ತ್ರಿಯ ಬಿಳಿ ಅಂಗಿ. ತಾಯಂದಿರು ಮೊಬೈಲು ಎತ್ತಿದರು. ಮಾತಿಲ್ಲದ ಪಿಟೀಲಿನ ಹಾಡು ಶುರುವಾಯಿತು. ಇವರು ಹೊರಟರು. ಎಡಗೈ ಮಡಿಚಿಯೇ ಇತ್ತು, ಆದರೆ ಅರ್ಧ ಬಿಚ್ಚಿತ್ತು. ಜಿಗಿತ ಬಂತು, ಜಿಗಿದರು, ಇಳಿದರು, ಒಂದಿಷ್ಟು ಓಲಾಡಿ ನಿಂತುಕೊಂಡರು. ನಾನು ಕಟಕಟೆ ಹಿಡಿದ ಕೈ ಬಿಟ್ಟೆ. ಮುಂದೆ ಅವರದೇ ತಿರುವು. ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ತಿರುಗಿದರು. ಉಳಿದದ್ದು ಗಿರಕಿ ಒಂದೇ. ಪರೀಕ್ಷಕಿಯ ಮೇಜಿಗೆ ಮುಖ ಮಾಡಿ ನಡುವಿಗೆ ಬರುತ್ತಿದ್ದರು.

ಆಗ ಪರೀಕ್ಷಕಿ ಕೈ ಎತ್ತಿದರು. ಚಳಿಗೆ ಪಾಪ, ಹಿಂದಿದ್ದ ಸಹಾಯಕಿಗೆ ಶಾಲು ತಾ ಎಂದು ಸನ್ನೆ ಮಾಡಿದ್ದು.

ಅಣ್ಣಾರು ನಿಂತರು. ಹಾಡು ನಡೆದೇ ಇತ್ತು. ಗಿರಕಿಯನ್ನು ಬಿಟ್ಟು ಸೀದಾ ಆ ಮೇಜಿನ ಬಳಿಗೆ ಬಂದು, ಸೊಂಟದಿಂದ ಕೊಂಚ ಬಾಗಿ, ಎಡಗೈಯನ್ನು ಪೂರ್ತಿ ಮಡಿಸಿ, "ಹಾಂ ಮೇಡಂ, ಬೋಲಿಯೇ" ಎಂದರು.

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಪ್ರಾಜಕ್ತಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಣ್ಣಾರಿಗೆ ತಾವು ಎಲ್ಲಿದ್ದೇವೆಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗೊತ್ತಾದಾಗ ಕಿವಿಯ ತುದಿಯವರೆಗೆ ಕೆಂಪಾದರು.

ನನಗೆ ತಡೆಯಲಾಗಲಿಲ್ಲ. ಗಂಬೂಟಿನಲ್ಲೇ ಐಸಿನ ಮೇಲೆ ಓಡಿದೆ. ಹಿಂದಿಯಲ್ಲಿ ಒದರಿದೆ: ಈ ಮನುಷ್ಯ ಹುಟ್ಟಿದಾಗಿನಿಂದ ಎತ್ತಿದ ಕೈ ನೋಡಿ ಓಡಿದವನು, ನೀವು ಪರೀಕ್ಷೆಯ ನಡುವೆ ಕೈ ಎತ್ತಬಹುದೇ, ಇದು ಯಾವ ನ್ಯಾಯ? ಪರೀಕ್ಷಕಿ ಒಳ್ಳೆಯವರು. ನನ್ನ ಅರಚಾಟಕ್ಕೆ ಸಿಟ್ಟಾಗಲಿಲ್ಲ. ವಿಷಯ ತಿಳಿದ ಮೇಲೆ ಶಾಂತವಾಗಿ ಹೇಳಿದರು: ತಪ್ಪು ನನ್ನದೇ. ಉಳಿದದ್ದೆಲ್ಲ ಸರಿಯಿತ್ತು. ಗಿರಕಿಯನ್ನು ಇವರು ಅಭ್ಯಾಸದಲ್ಲಿ ಮಾಡುವುದನ್ನು ಬೆಳಿಗ್ಗೆ ನೋಡಿದ್ದೇನೆ. ಪಾಸು ಎಂದೇ ಬರೆಯುತ್ತೇನೆ.

ನಾನು ಗೆದ್ದವನ ಹಾಗೆ ಅಣ್ಣಾರ ಮುಖ ನೋಡಿದೆ. ಅವರು ತಲೆ ಅಲ್ಲಾಡಿಸಿದರು. "ನಹೀ ಮೇಡಂ. ಆಟ ಪೂರಾ ಆಗಿಲ್ಲ. ಫೇಲ್ ಬರೆಯಿರಿ."

ಹೊರಗೆ ಬೆಂಚಿನ ಮೇಲೆ ಒಂದು ಕಾಲು ಇಟ್ಟು, ನಿಂತೇ ಲೇಸು ಬಿಚ್ಚುತ್ತಿದ್ದರು. ನಾನು ಕುದಿಯುತ್ತಿದ್ದೆ.

"ಆಕಿನ ತಾನಾಗಿ ಪಾಸ್ ಮಾಡ್ತೀನಂದ್ಲು. ತೊಗೊಳ್ಳಾಕ ಏನಾಗಿತ್ರೀ ನಿಮಗ?"

"ನೀವು ಯಾಕೆ ಮಧ್ಯ ಬಂದದ್ದು?"

"ಅನ್ಯಾಯ ಆದ್ರ ಬಾಯಿ ಮುಚ್ಕೊಂಡು ನಿಂದರಬೇಕೇನು?"

"ಅನ್ಯಾಯ ಎಂತದ್ದು? ಅವ್ರು ಶಾಲು ಕೇಳಿದ್ದು. ನನ್ನನ್ನು ಕರೆದದ್ದಲ್ಲ. ನಿಂತದ್ದು ನಾನು." ಲೇಸನ್ನು ಕೈಗೆ ಸುತ್ತಿಕೊಂಡರು. ನೋಡಿದರೆ ಮುಖದಲ್ಲಿ ನಗು. "ಐಸಿನವ್ರೆ, ನಾನು ಈವರೆಗೆ ಫೇಲೂ ಆದವ ಅಲ್ಲ ಗೊತ್ತುಂಟಾ? ಪರೀಕ್ಷೆಗೆ ಕೂತ್ರೆ ಅಲ್ವಾ ಫೇಲ್ ಆಗುದು? ಇವತ್ತು ಆದೆ. ನನ್ನದೇ ಫೇಲು. ಅದನ್ನಾದ್ರೂ ನನ್ನ ಹತ್ರ ಬಿಡಿ ಮಾರಾಯ್ರೆ."

ಬಿಟ್ಟವನು, ಫೇಲಾದವನಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದ ನನ್ನ ಮಾತು ಅಂದಿನಿಂದ ಬಾಯಿಯಲ್ಲಿ ಕಲ್ಲಿನ ಹಾಗೆ ಸಿಕ್ಕಿಕೊಂಡಿದೆ. ಆ ವಾರವಿಡೀ ಯಂತ್ರದ ಸದ್ದಿನಲ್ಲಿ ಏನೋ ಕೆಟ್ಟಿದೆ ಎಂದು ನನಗನ್ನಿಸುತ್ತಿತ್ತು. ಮೂರು ಸಲ ಬಿಚ್ಚಿ ನೋಡಿದೆ. ಯಂತ್ರಕ್ಕೆ ಏನೂ ಆಗಿರಲಿಲ್ಲ.

ಪರೀಕ್ಷೆಯ ಮರುದಿನ ಹೋಟೆಲಿಗೆ ಹೋದರೆ ಅಲ್ಲಿ ಹಬ್ಬ. ಅಣ್ಣಾರು ಅಡಿಗೆ ಭಟ್ಟರಿಗೆ ಹೇಳಿ ಶೀರಾ ಮಾಡಿಸಿ, ಕ್ಲೀನರಿನಿಂದ ಮಾಲೀಕರವರೆಗೆ ಹಂಚುತ್ತಿದ್ದರು.

"ಪಾಸಾದ್ರಾ ಅಣ್ಣ?" ಎಂದು ಒಬ್ಬ ಸಪ್ಲೈಯರ್ ಕೇಳಿದ.

"ಇಲ್ಲ ಮಾರಾಯ, ಫೇಲು. ತಿನ್ನು."

"ಫೇಲಾದ್ದಕ್ಕೆ ತುಪ್ಪದ ಶೀರಾ ಆದ್ರೆ, ಪಾಸಾದ್ರೆ ಎಂತ ಕೊಡ್ತೀರಿ?"

"ಪಾಸಾದ್ರೆ ನೀವು ನನಗೆ ಕೊಡಿ. ಎಲ್ಲ ನಾನೇ ಕೊಡುದಾ?"

ಮಾಲೀಕರೂ ನಕ್ಕರು. ಆ ದಿನದಿಂದ ಹೋಟೆಲಿನಲ್ಲಿ ಮೆಟ್ಟಲು ಜಾರಿತು ಎನ್ನುವ ಸುಳ್ಳು ನಿಂತಿತು.

ಮುಂದಿನ ಪರೀಕ್ಷೆ ಮಳೆಗಾಲ ಮುಗಿದ ಮೇಲೆ ಎಂದು ಗೊತ್ತಾಯಿತು. ಅದಕ್ಕೆ ಪ್ರಾಜಕ್ತಾ ಒಂದು ಹೊಸ ಪಾಠ ಹುಡುಕಿದಳು. ಇವರು ಆಡುವಾಗ ಮಕ್ಕಳನ್ನೆಲ್ಲ ಅಂಕಣದ ಸುತ್ತ ನಿಲ್ಲಿಸಿ ಕೈ ಎತ್ತಿಸುವುದು. ಮಕ್ಕಳಿಗೆ ಇದಕ್ಕಿಂತ ಬೇರೆ ಆಟ ಬೇಕೆ? "ಕಾಕಾ, ಏಕ್ ಮಸಾಲಾ ದೋಸಾ!" "ಕಾಕಾ, ಪಾನಿ!" "ಕಾಕಾ, ಬಿಲ್!" ಮೊದಮೊದಲು ಪ್ರತಿ ಕೂಗಿಗೂ ಇವರ ಭುಜ ಜುಮ್ಮೆನ್ನುತ್ತಿತ್ತು, ಕಾಲು ಅರೆಗಳಿಗೆ ತಡವರಿಸುತ್ತಿತ್ತು. ಬೆನ್ನಿಗೆ ಯಾರೋ ಹುರಿ ಕಟ್ಟಿ ಜಗ್ಗಿದ ಹಾಗೆ. ಹಲ್ಲು ಕಚ್ಚಿ ಮುಂದೆ ಹೋಗುತ್ತಿದ್ದರು. ದಿನ ಕಳೆದಂತೆ ಭುಜ ಸುಮ್ಮನಾಯಿತು. ಒಂದು ಮಧ್ಯಾಹ್ನ ನಾನೂ ಮೂಲೆಯಲ್ಲಿ ನಿಂತು ಕೈ ಎತ್ತಿದೆ. ನನ್ನ ಮುಂದೆ ಸುಯ್ಯನೆ ಹಾದುಹೋಗುತ್ತ, ತಿರುಗಿಯೂ ನೋಡದೆ, "ನಿಮ್ಮ ಟೇಬಲ್ಲು ನನ್ನದಲ್ಲ ಮಾರಾಯ್ರೆ!" ಎಂದರು.

ಇಷ್ಟಾದರೂ ಜಿಗಿತ ಒಂದು ದಿನ ಬರುತ್ತಿತ್ತು, ಒಂದು ದಿನ ಕೈಕೊಡುತ್ತಿತ್ತು. ಗಿರಕಿಯಲ್ಲಿ ಕೆಲವೊಮ್ಮೆ ತಲೆ ತಿರುಗಿ ನನ್ನನ್ನು ಹಿಡಿದುಕೊಳ್ಳುತ್ತಿದ್ದರು. ಇದನ್ನು ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆ.

ಪರೀಕ್ಷೆಗೆ ಕೆಲವು ವಾರ ಇರುವಾಗ, ಜೋರು ಮಳೆಯ ಒಂದು ಮಧ್ಯಾಹ್ನ, ಅವರು ಬರಲಿಲ್ಲ. ಹಳಿಯ ಮೇಲೆ ನೀರು, ಲೋಕಲ್ ಬಂದ್, ಹಾಗಾಗಿ ಹೋಟೆಲಿನಲ್ಲಿ ಜನ ತುಂಬಿರಬೇಕು ಅಂದುಕೊಂಡೆ. ನಿಜಕ್ಕೂ ಜನ ತುಂಬಿತ್ತಂತೆ. ಗದ್ದಲ ಇಳಿದ ಮೇಲೆ, ಎಂದೂ ಮಲಗದವರು, ಸ್ವಲ್ಪ ಬೆನ್ನು ಹಾಕ್ತೇನೆ ಎಂದು ಮಾಳಿಗೆಗೆ ಹೋದರಂತೆ. ಸಂಜೆಯ ತಿಂಡಿಗೆ ಎಬ್ಬಿಸಲು ಹೋದಾಗ ಏಳಲಿಲ್ಲ. ಹೃದಯ ಎಂದು ಡಾಕ್ಟರು ಹೇಳಿದರು.

ಊರಿನಿಂದ ಅವರ ಅಣ್ಣ ಬಂದರು. ಅಲ್ಲೇ ಶಾಲೆಯಲ್ಲಿ ಮಾಸ್ತರರಾಗಿ ನಿವೃತ್ತರಾದವರು. ಎಲ್ಲ ಕ್ರಿಯೆ ಇಲ್ಲೇ ಮುಗಿಯಿತು. ಮಾಲೀಕರು ಒಂದು ಬೆಳಿಗ್ಗೆ ಹೋಟೆಲು ಮುಚ್ಚಿ, ಹಾಲಿನಲ್ಲಿ ಫೋಟೋಕ್ಕೆ ಹಾರ ಹಾಕಿ ಸಭೆ ಮಾಡಿದರು. ಸಪ್ಲೈಯರುಗಳು ಗೋಡೆಗೆ ಒರಗಿ ನಿಂತಿದ್ದರು. ಪ್ರಾಜಕ್ತಾ ಬಿಳಿ ಕುರ್ತಾ ಹಾಕಿಕೊಂಡು, ಕೈಯಲ್ಲಿ ಕಾಗದ ಸುತ್ತಿದ ಒಂದು ಚೌಕಟ್ಟು ಹಿಡಿದು ಬಂದಳು. ನನ್ನ ಪಕ್ಕ ಕೂತು ಪಿಸುಗುಟ್ಟಿದಳು: ಪರೀಕ್ಷಕಿ ಮೇಡಂಗೆ ಫೋನ್ ಮಾಡಿದ್ದೆ. ಅವರು ಅತ್ತುಬಿಟ್ಟರು. ಅವತ್ತಿನ ಪರೀಕ್ಷೆಗೇ ಪಾಸು ಎಂದು ಸಹಿ ಹಾಕಿ ಕಳಿಸಿದ್ದಾರೆ.

ಬೇಡ ಎನ್ನುವಷ್ಟರಲ್ಲಿ ಅವಳು ಎದ್ದು ಹೋಗಿ ಚೌಕಟ್ಟನ್ನು ಮಾಸ್ತರರ ಕೈಗೆ ಇಟ್ಟಳು. "ಕಾಕಾ ಪಾಸ್ ಹೋ ಗಯೇ" ಎಂದಳು. ಗೋಡೆಯ ಬಳಿ ಒಂದು ಗುಜುಗುಜು ಎದ್ದಿತು. ಮಾಲೀಕರು ಕಣ್ಣೊರೆಸಿಕೊಂಡರು.

ಮಾಸ್ತರರು ಕನ್ನಡಕ ಹಾಕಿಕೊಂಡು ಅದನ್ನು ಪೂರ್ತಿ ಓದಿದರು. ಓದಿ, ನನ್ನ ಕಡೆ ತಿರುಗಿದರು.

"ನೀವು ಐಸಿನವ್ರಲ್ವಾ? ಅವ ನಿಮ್ಮ ಬಗ್ಗೆ ಹೇಳ್ತಿದ್ದ. ಒಂದು ವಿಷಯ ನನಗೆ ಅರ್ಥ ಆಗ್ಲಿಲ್ಲ. ಫೇಲಾದೆ ಅಂತ ಹೇಳ್ಲಿಕ್ಕೆ ನನಗೆ ಫೋನ್ ಮಾಡಿದ್ದ. ಈ ವಯಸ್ಸಲ್ಲಿ ಇದೆಲ್ಲ ಎಂತಕ್ಕೆ ಅಂತ ನಾನು ಬೈದಿದ್ದೆ. ಫೇಲಾದ್ದನ್ನು ಹೇಳಿದವ ಪಾಸಾದ್ದನ್ನು ಯಾಕೆ ಹೇಳ್ಲಿಲ್ಲ?"

ಪ್ರಾಜಕ್ತಾಳಿಗೆ ಕನ್ನಡ ಬರುವುದಿಲ್ಲ. ಆದರೆ ಪಾಸು, ಫೇಲು ಎಂಬ ಮಾತು ಯಾರಿಗೆ ತಿಳಿಯುವುದಿಲ್ಲ? ಅವಳು ನನ್ನನ್ನೇ ನೋಡಿದಳು. ಹೌದು ಎಂದುಬಿಡಿ ಎಂದು ಆ ಕಣ್ಣು ಬೇಡುತ್ತಿತ್ತು. ಹೌದೆಂದಿದ್ದರೆ ಎಲ್ಲರಿಗೂ ಸುಖವಿತ್ತು. ಊರಿನ ಮನೆಯ ಗೋಡೆಯಲ್ಲಿ ಅದು ತೂಗುತ್ತಿತ್ತು. ಬಸ್ಸು ಹತ್ತಿಸಿ ಕಳಿಸಿದ ತಮ್ಮನ ಬಗ್ಗೆ ಆ ಮುದುಕರಿಗೆ ಒಂದಿಷ್ಟು ಹಗುರಾಗುತ್ತಿತ್ತು.

"ಪಾಸಾಗಿಲ್ರೀ ಸರ," ಎಂದೆ. "ಫೇಲಾಗಿದ್ರು. ಎರಡನೇ ಸಲಕ್ಕ ತಯಾರಿ ನಡದಿತ್ತು."

"ಹಾಗಾದ್ರೆ ಇದು ಎಂತದ್ದು?"

"ಅದು ಅವರು ಬ್ಯಾಡಂದದ್ದು."

ಮಾಸ್ತರರು ಆ ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡರು. ಅಂಚನ್ನು ಒಂದು ಬೆರಳಿನಿಂದ ಸವರಿದರು. ಆಮೇಲೆ ಎದ್ದು ಅದನ್ನು ನನ್ನ ಮುಂದಿನ ಟೇಬಲ್ಲಿನ ಮೇಲೆ ಇಟ್ಟರು. "ಅವ ಬೇಡ ಅಂದದ್ದನ್ನು ನಾನು ಹೇಗೆ ಕೊಂಡುಹೋಗುದು?" ಎಂದಷ್ಟೇ ಹೇಳಿ, ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಅವರಿಗೆ ನಾನು ಒಳ್ಳೆಯದು ಮಾಡಿದೆನೋ, ಏನು ಮಾಡಿದೆನೋ, ಮುಖದಲ್ಲಿ ತಿಳಿಯಲಿಲ್ಲ.

ಫುಟ್‌ಪಾತಿನಲ್ಲಿ ಪ್ರಾಜಕ್ತಾ ನನ್ನನ್ನು ಹಿಡಿದು ನಿಲ್ಲಿಸಿದಳು. ಅಳುತ್ತಿದ್ದಳು, ಬಯ್ಯುತ್ತಿದ್ದಳು. ಹೌದು ಎಂದಿದ್ದರೆ ನಿಮ್ಮದೇನು ಹೋಗುತ್ತಿತ್ತು ಭಾವು? ಎರಡನೇ ಸಲ ಅವರು ಪಾಸಾಗಿಯೇ ಆಗುತ್ತಿದ್ದರು. ಆಗಬೇಕಾದದ್ದನ್ನು ನಾನು ಬರೆಸಿಕೊಂಡು ಬಂದೆ, ಅಷ್ಟೇ.

"ಆಗ್ತಿದ್ರು ಅಂತ ನಿನಗ ಖಾತ್ರಿ ಐತೇನವ್ವಾ?" ಎಂದು ನನ್ನ ಭಾಷೆಯಲ್ಲೇ ಕೇಳಿದೆ. ಅವಳಿಗೆ ತಿಳಿಯಲಿಲ್ಲ. ಹಿಂದಿಯಲ್ಲಿ ಕೇಳುವ ಧೈರ್ಯ ನನಗಾಗಲಿಲ್ಲ. ಟೇಬಲ್ಲಿನ ಮೇಲಿಂದ ಎತ್ತಿಕೊಂಡು ಬಂದಿದ್ದ ಚೌಕಟ್ಟನ್ನು ನನ್ನ ಎದೆಗೆ ಒತ್ತಿ, ನೀವೇ ಇಟ್ಟುಕೊಳ್ಳಿ ಎಂದು ರಿಕ್ಷಾ ಹತ್ತಿಬಿಟ್ಟಳು. ಈಗಲೂ ಕೆಲಸದ ಮಾತು ಬಿಟ್ಟು ಬೇರೆ ಆಡುವುದಿಲ್ಲ.

ಅವರು ಪಾಸಾಗುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಐಸು ಕೆರೆಯುವಾಗ ಒಮ್ಮೆ ಆಗುತ್ತಿದ್ದರು ಎನ್ನಿಸುತ್ತದೆ. ಬಿಸಿನೀರು ಹಾಯಿಸುವಾಗ ಆ ಜಿಗಿತ ನೆನಪಾಗಿ, ಇಲ್ಲವೇನೋ ಎನ್ನಿಸುತ್ತದೆ. ಚೌಕಟ್ಟನ್ನು ಮನೆಗೆ ಒಯ್ದಿಲ್ಲ. ಗೋಡೆಗೆ ಹಾಕುವಂತಿಲ್ಲ, ಎಸೆಯುವಂತೆಯೂ ಇಲ್ಲ. ಯಂತ್ರದ ಕೋಣೆಯಲ್ಲಿ ಕಂಪ್ರೆಸರಿನ ಮೇಲೆ ಮಲಗಿಸಿ ಇಟ್ಟಿದ್ದೇನೆ. ಯಂತ್ರ ಶುರುವಾದಾಗಲೆಲ್ಲ ಅದು ಗಡಗಡ ನಡುಗುತ್ತ, ಕೂದಲೆಳೆಯಷ್ಟು ಕೂದಲೆಳೆಯಷ್ಟು ಅಂಚಿಗೆ ಸರಿಯುತ್ತದೆ. ನಾನು ಹೋಗಿ ಒಳಗೆ ತಳ್ಳಿ ಬರುತ್ತೇನೆ. ಬಂದು ಕೆಲಸಕ್ಕೆ ನಿಂತರೆ, ಅದು ಮತ್ತೆ ಸರಿಯುತ್ತಿರುವ ಸದ್ದು ಗೋಡೆಯ ಈಚೆಗೂ ಕೇಳಿಸುತ್ತಿರುತ್ತದೆ.